ಕೊಟ್ಟಿಗೆ ಬರಿದಾದ ಮನೆಯಲ್ಲಿ ನಾಲ್ಕು ಮಾತು



ಈ ಹೊತ್ತಿಗೆ ನಾನು ಬಂದೆನೆಂದರೆ ರಾಗಿ ಸಾಲಿನ ಅಂತರ, ಅವರೆಗೆ ಬೀಳುವ ಕಾಯಿಕೊರಕ, ಮಣ್ಣು ಪರೀಕ್ಷೆ, ಇಂಥದ್ದನ್ನೇ ಹೇಳುವವನು ಅಂತ ನಿಮಗೆ ಗೊತ್ತು. ಇವತ್ತು ಬೆಳೆಯ ಮಾತು ಬೇಡ. ದನ ಸತ್ತ ಮನೆಯ ಮಾತು ಆಡೋಣ. ದನ ಸಾಯದ ಹಾಗೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಪಶುವೈದ್ಯರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಸತ್ತ ಮೇಲೆ ಆ ಮನೆಯವರ ಮನಸ್ಸಿಗೆ ಏನಾಗುತ್ತದೆ, ಅವರು ಏನು ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ. ನಾನು ಡಾಕ್ಟರಲ್ಲ, ದೊಡ್ಡ ಓದು ಓದಿದವನೂ ಅಲ್ಲ. ಕೃಷಿ ಡಿಪ್ಲೊಮಾ ಮಾಡಿಕೊಂಡು ಹಳ್ಳಿ ಹಳ್ಳಿ ತಿರುಗುವ ನೌಕರ. ಆದರೆ ತಿರುಗುವವನ ಕಣ್ಣಿಗೆ ಕೆಲವು ಸಂಗತಿ ಬಿದ್ದೇ ಬೀಳುತ್ತವೆ.

2022ನೇ ಇಸವಿಯ ಕೊನೆಯ ತಿಂಗಳುಗಳು ನಿಮಗೆ ನೆನಪಿರಬೇಕು. ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿತ್ತು. ದನಗಳ ಸಂತೆ, ಜಾತ್ರೆ ನಿಂತಿದ್ದವು. ಬನಶಂಕರಿಯಿಂದ ಕನಕಪುರ ರಸ್ತೆ ಹಿಡಿದು ಹೋದರೆ ಸಿಗುವ ಒಂದು ಹಳ್ಳಿಗೆ ಮಣ್ಣಿನ ಮಾದರಿ ತೆಗೆಯಲು ಹೋಗಿದ್ದೆ. ಆ ಮನೆಯ ಯಜಮಾನರು ಹೊಲದಲ್ಲಿದ್ದರು. ಅವರ ಹೆಂಡತಿ, ಐವತ್ತರ ಆಚೀಚೆಯ ಹೆಂಗಸು, ಕೊಟ್ಟಿಗೆಯ ಮುಂದೆ ಕೂತಿದ್ದರು. ಒಳಗೆ ಗೂಟ ಇತ್ತು, ಗೂಟಕ್ಕೆ ಹಗ್ಗ ಇತ್ತು, ಗೋದಲಿಯಲ್ಲಿ ಒಣಹುಲ್ಲು ಇತ್ತು, ಹಸು ಇರಲಿಲ್ಲ. ಸತ್ತು ಹನ್ನೆರಡು ದಿನವಾಗಿತ್ತಂತೆ. ನೆಲ ಮಾತ್ರ ಆವತ್ತು ಬೆಳಿಗ್ಗೆ ಗುಡಿಸಿದ ಹಾಗೆ ಚೊಕ್ಕಟವಾಗಿತ್ತು.

ನನ್ನನ್ನು ನೋಡಿದವರೇ ಆಯಮ್ಮ ಕೇಳಿದರು: "ಸಾರ್, ಗಂಟು ಕಂಡ ದಿವಸವೇ ಡಾಕ್ಟ್ರನ್ನ ಕರೆಸಿದ್ದರೆ ಉಳೀತಿತ್ತಾ? ನಾನು ಸೊಳ್ಳೆ ಕಡಿದಿರಬೇಕು ಅಂದ್ಕೊಂಡೆ. ಎರಡು ದಿವಸ ತಡ ಮಾಡಿದೆ."

ನಾನು ಏನು ಹೇಳಿದೆ ಗೊತ್ತೆ? "ಹೋಗಲಿ ಬಿಡಮ್ಮ, ಸರ್ಕಾರ ಪರಿಹಾರ ಕೊಡ್ತದೆ, ಇನ್ನೊಂದು ಹಸು ಕಟ್ಟಿದರಾಯ್ತು" ಅಂದೆ. ಆಯಮ್ಮ ಮತ್ತೆ ಮಾತಾಡಲಿಲ್ಲ. ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟು, ಹೊಲದ ಕಡೆ ಕೈ ತೋರಿಸಿದರು. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ವರ್ಷ ರೋಗದಿಂದ ಸತ್ತ ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000, ಕರುವಿಗೆ 5,000 ಎಂದು ಸರ್ಕಾರ ಗೊತ್ತುಮಾಡಿತ್ತು. ಆದರೆ ಆಯಮ್ಮ ಕೇಳಿದ್ದು ದುಡ್ಡಿನ ಪ್ರಶ್ನೆಯಲ್ಲ. ಕೇಳಿದ ಪ್ರಶ್ನೆ ಬಿಟ್ಟು ಬೇರೆ ಪ್ರಶ್ನೆಗೆ ಉತ್ತರ ಹೇಳಿ ಬಂದೆ. ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು.

ಹಸು ಸತ್ತರೆ ಹಾಲು ಹೋಯಿತು, ಗೊಬ್ಬರ ಹೋಯಿತು, ಡೈರಿಯ ಬಟವಾಡೆ ನಿಂತಿತು. ಇದು ಲೆಕ್ಕಕ್ಕೆ ಸಿಗುವ ನಷ್ಟ. ಲೆಕ್ಕಕ್ಕೆ ಸಿಗದ್ದು ಇನ್ನೊಂದಿದೆ. ಹಸು ಸಾಕಿದ ಮನೆಗೆ ಗಡಿಯಾರ ಬೇಡ. ಹೊತ್ತಾರೆ ಐದಕ್ಕೆ ಅದು ಕೂಗುತ್ತದೆ, ಮನೆ ಏಳುತ್ತದೆ. ಸಗಣಿ ಬಾಚಬೇಕು, ಕೆಚ್ಚಲು ತೊಳೆಯಬೇಕು, ಹಾಲು ಕರೆದು ಡೈರಿಗೆ ಹಾಕಬೇಕು. ಸಂಜೆ ಮತ್ತೆ ಅದೇ. ಮದುವೆಗೆ ಹೋದವರೂ ಹಾಲು ಕರೆಯುವ ಹೊತ್ತಿಗೆ ಓಡಿ ಬರುತ್ತಾರೆ. ಅದು ಹೋದ ಮಾರನೆಯ ದಿನ ಐದು ಗಂಟೆಗೆ ಎಚ್ಚರವಾಗುತ್ತದೆ, ಕೈಗೆ ಕೆಲಸವಿಲ್ಲ. ಆ ಖಾಲಿ ಹೊತ್ತಿನಲ್ಲೇ "ನಾನು ಹಾಗೆ ಮಾಡಿದ್ದರೆ, ಹೀಗೆ ಮಾಡಿದ್ದರೆ" ಎಂಬ ಮಾತು ಹುಟ್ಟಿಕೊಳ್ಳುವುದು. ಮನುಷ್ಯರು ಹೋದರೆ ಊರೇ ಬಂದು ಕೂರುತ್ತದೆ, ಹನ್ನೊಂದನೆಯ ದಿನ, ತಿಥಿ ಅಂತ ಒಂದು ಕ್ರಮ ಇದೆ. ದನಕ್ಕೆ ಅಂಥ ದಿನವಿಲ್ಲ. ಅತ್ತರೆ "ದನಕ್ಕೆ ಹೋಗಿ ಅಳ್ತೀಯಲ್ಲ" ಅಂತ ನಗುವವರೂ ಇದ್ದಾರೆ. ನಗಬಾರದು ಸ್ವಾಮಿ.

ಇನ್ನು ನಮ್ಮ ಮನೆಯ ಸಂಗತಿ ಹೇಳುತ್ತೇನೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಒಂದೊಂದೇ ಹಳ್ಳಿಯ ಹೊಲ ಬಡಾವಣೆಯಾಗುತ್ತ ಬಂತು. ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿ, ಕದಿರೇನಹಳ್ಳಿ ಎಲ್ಲ ಈಗ ಊರಿನೊಳಗೆ ಸೇರಿವೆ. ಹೊಲ ಹೋದರೂ ಅಲ್ಲಿನ ಮನೆಗಳಲ್ಲಿ ಹಸು ಉಳಿದವು. ನಾನು ಹುಟ್ಟಿ ಬೆಳೆದದ್ದು ಸಾರಕ್ಕಿಯ ಅಂಥ ಒಂದು ಮನೆ. ನಮಗೆ ಹಸುರು ಮೇವು ಬೆಳೆಯಲು ಅಂಗೈಯಗಲ ಜಾಗವಿರಲಿಲ್ಲ. ಕೆರೆಯಂಗಳದ ಹುಲ್ಲು, ಮಾರುಕಟ್ಟೆಯ ಸೊಪ್ಪು, ಬೂಸಾ, ಅಕ್ಕಪಕ್ಕದ ಮನೆಯ ಕಲಗಚ್ಚು, ಇವೇ ನಮ್ಮ ಹಸುವಿನ ಊಟ. ಅದು ಕಪ್ಪು ಬಿಳಿ ಸೀಮೆಹಸು. ಗೌರಿ ಹಬ್ಬದ ವಾರ ಬಂದದ್ದರಿಂದ ಗೌರಿ ಅಂತ ಕರೆಯುತ್ತಿದ್ದೆವು.

ನನಗೆ ಹತ್ತು ವರ್ಷವಿದ್ದಾಗ ಒಂದು ದಿನ ಮಧ್ಯಾಹ್ನ ಅಪ್ಪ ಹತ್ತಿರದ ಕಲ್ಯಾಣ ಮಂಟಪದಿಂದ ಮದುವೆ ಊಟದಲ್ಲಿ ಮಿಕ್ಕ ಅನ್ನ ತಂದರು. ಎರಡು ದೊಡ್ಡ ಡಬ್ಬ. ಚೆಲ್ಲುವ ಅನ್ನ ಹಸುವಿನ ಹೊಟ್ಟೆಗಾದರೂ ಹೋಗಲಿ ಅಂತ. ಗೌರಿ ಅದನ್ನು ಎಷ್ಟು ಆಸೆಯಿಂದ ತಿಂದಿತೆಂದರೆ, ಸಂಜೆ ಯಾರೂ ಇಲ್ಲದಾಗ ನಾನು ಇನ್ನೊಂದು ಬಕೆಟ್ ಸುರಿದೆ. ರಾತ್ರಿ ಅದು ಮೆಲುಕು ಹಾಕುವುದನ್ನು ನಿಲ್ಲಿಸಿತು. ಹೊಟ್ಟೆ ಉಬ್ಬಿತು, ಹುಳಿ ವಾಸನೆಯ ಭೇದಿಯಾಯಿತು, ಬೆಳಿಗ್ಗೆ ಏಳಲಿಲ್ಲ. ಡಾಕ್ಟರು ಬಂದು ಔಷಧಿ ಹಾಕಿದರು. ಮರುದಿನ ಮಧ್ಯಾಹ್ನ ಸತ್ತಿತು. ನಾನು ಯಾರಿಗೂ ಬಕೆಟ್ಟಿನ ಮಾತು ಹೇಳಲಿಲ್ಲ.

ಡಿಪ್ಲೊಮಾ ಓದುವಾಗ ಒಂದು ದಿನ ಗುರುಗಳು ದನದ ಹೊಟ್ಟೆಯ ಪಾಠ ಮಾಡಿದರು. ದನದ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಕರಗಿಸುವ ಸೂಕ್ಷ್ಮಜೀವಿಗಳಿವೆ. ರೂಢಿಯಿಲ್ಲದ ಹಸುವಿಗೆ ಒಮ್ಮೆಲೇ ಹೆಚ್ಚು ಅನ್ನ, ಹಿಟ್ಟು, ಕಾಳು ಬಿದ್ದರೆ ಬೇರೆ ಬಗೆಯ ಜೀವಿಗಳು ಹೆಚ್ಚಿ, ಹೊಟ್ಟೆಯೆಲ್ಲ ಹುಳಿಯಾಗಿ ಹೋಗುತ್ತದೆ. ಹುಲ್ಲು ಕರಗಿಸುವ ಜೀವಿಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ, ಆ ಹುಳಿ ರಕ್ತಕ್ಕೂ ಸೇರುತ್ತದೆ. ಒಂದೆರಡು ದಿನದಲ್ಲೇ ದನ ಸಾಯಬಹುದು. ನಾನು ತಲೆ ತಗ್ಗಿಸಿ ಕೂತಿದ್ದೆ. ಅಲ್ಲಿಯವರೆಗೆ ಅನುಮಾನವಿತ್ತು, ಆವತ್ತು ಖಾತ್ರಿಯಾಯಿತು. ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಯ್ಯೋ ಮಗನೆ, ನೀನು ಹಾಕೋಕೆ ಮುಂಚೆ ನಾನೂ ಒಂದು ಡಬ್ಬ ಪೂರ್ತಿ ಹಾಕಿದ್ದೆ ಕಣೋ. ನನ್ನಿಂದಲೇ ಹೋಯ್ತು ಅಂತ ಇಷ್ಟು ವರ್ಷ ನಿಮ್ಮಪ್ಪನಿಗೆ ಹೇಳಿಲ್ಲ." ಒಳಗೆ ಮಲಗಿದ್ದ ಅಪ್ಪ ಕೇಳಿಸಿಕೊಂಡರೆಂದು ಕಾಣುತ್ತದೆ. "ತಂದೋನು ನಾನಲ್ಲವೇನೇ" ಅಂದರು.

ನೋಡಿ, ಒಂದು ಹಸು, ಮೂವರು ಅಪರಾಧಿಗಳು. ಒಂದೇ ಸೂರಿನಡಿ ಒಬ್ಬರಿಗೊಬ್ಬರು ಹೇಳದೆ ಹತ್ತು ವರ್ಷ ಹೊತ್ತೆವು. ಮೂವರಲ್ಲಿ ಯಾರಿಗೂ ಅನ್ನ ವಿಷವಾಗುತ್ತದೆ ಅಂತ ಗೊತ್ತಿರಲಿಲ್ಲ. ಮೂವರೂ ಹಾಕಿದ್ದು ಪ್ರೀತಿಯಿಂದ. ಹಾಗಂತ ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ, ಹೇಳಿದರೆ ನೀವು ನಂಬುವುದೂ ಇಲ್ಲ. ನಮ್ಮ ಕೈಯಿಂದಲೇ ಆಯಿತು. ಆದರೆ ಗೊತ್ತಿಲ್ಲದೆ ಆದದ್ದು ಬೇರೆ, ಗೊತ್ತಿದ್ದೂ ಮಾಡಿದ್ದು ಬೇರೆ. ಮನಸ್ಸು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತದೆ. ಇವತ್ತಿನ ತಿಳಿವಳಿಕೆಯನ್ನು ಆವತ್ತಿನ ಮನುಷ್ಯನಿಂದ ಕೇಳುತ್ತದೆ. ಅದು ನ್ಯಾಯವೇ? ನೀವೇ ಯೋಚಿಸಿ ನೋಡಿ.

ಈಗ ಕನಕಪುರ ರಸ್ತೆಯ ಆ ತಾಯಿಯ ಪ್ರಶ್ನೆಗೆ ಬರೋಣ. ಎರಡು ದಿನ ಮೊದಲು ಕರೆಸಿದ್ದರೆ ಉಳಿಯುತ್ತಿತ್ತೇ? ಚರ್ಮಗಂಟು ರೋಗ ಬರುವುದು ಸಿಡುಬಿನ ಬಳಗದ ಒಂದು ವೈರಾಣುವಿನಿಂದ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2019ರಲ್ಲಿ, ಒಡಿಶಾದಲ್ಲಿ. ನಮ್ಮ ಅಜ್ಜ ಮುತ್ತಜ್ಜಂದಿರು ಕಂಡ ರೋಗವಲ್ಲ ಅದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆ ಅದನ್ನು ಹರಡುತ್ತವೆ. ರೋಗ ಮೈಗೆ ಹೊಕ್ಕು ಒಂದರಿಂದ ನಾಲ್ಕು ವಾರ ಕಳೆದ ಮೇಲೆ ಹೊರಗೆ ಕಾಣುತ್ತದೆ. ಅಂದರೆ ಆಯಮ್ಮ ಮೊದಲ ಗಂಟು ನೋಡಿದ ದಿನಕ್ಕೆ ಎಷ್ಟೋ ಹಿಂದೆಯೇ ವೈರಾಣು ಒಳಗೆ ಸೇರಿತ್ತು. ಅದನ್ನೇ ಕೊಲ್ಲುವ ಔಷಧಿ ಡಾಕ್ಟರ ಹತ್ತಿರ ಇರಲಿಲ್ಲ. ಜ್ವರ ಇಳಿಸುವುದು, ಗಾಯ ಕೀವಾಗದಂತೆ ನೋಡುವುದು, ಶಕ್ತಿ ಕೊಡುವುದು, ಇಷ್ಟೇ. ಬೇಗ ಕರೆಸಿದರೆ ದನಕ್ಕೆ ನೋವು ಕಡಿಮೆಯಾಗುತ್ತದೆ, ಪಕ್ಕದ ದನವನ್ನು ಬೇರೆ ಕಟ್ಟಿ ಉಳಿಸಿಕೊಳ್ಳಬಹುದು. ಅದಕ್ಕೇ ಬೇಗ ಕರೆಸಿ ಅನ್ನುವುದು. ಆದರೆ ಆ ಎರಡು ದಿನದಿಂದಲೇ ಹಸು ಸತ್ತಿತು ಎಂದು ಯಾವ ಡಾಕ್ಟರೂ ಆಯಮ್ಮನಿಗೆ ಹೇಳಲಾರರು.

ಲಸಿಕೆ ಹಾಕಿಸಿದ ಮೇಲೂ ಸತ್ತಿತು, ಸೂಜಿಯೇ ಕೊಂದಿತು, ನಾನೇ ಹಿಡಿದು ಹಾಕಿಸಿದೆನಲ್ಲ ಅಂತ ಕೊರಗಿದವರನ್ನೂ ಆ ವರ್ಷ ನೋಡಿದೆ. ಆಗ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಅದು ಮೈಯಲ್ಲಿ ಶಕ್ತಿ ಹುಟ್ಟಿಸಲು ಸುಮಾರು ಮೂರು ವಾರ ಬೇಕು. ಆ ಮೂರು ವಾರದೊಳಗೆ, ಅಥವಾ ಲಸಿಕೆಗೆ ಮೊದಲೇ, ರೋಗ ಹೊಕ್ಕಿದ್ದರೆ ಸೂಜಿಯ ಮೇಲೆ ಅಪವಾದ ಬರುತ್ತದೆ. ಕಾಲುಬಾಯಿ ಜ್ವರದ ವಿಷಯದಲ್ಲೂ ಹೀಗೇ. 2013ರಲ್ಲಿ ಆ ರೋಗ ನಮ್ಮ ರಾಜ್ಯದಲ್ಲಿ ಎಷ್ಟು ದನ ತೆಗೆದುಕೊಂಡು ಹೋಯಿತೆಂದು ಹಿರಿಯರಿಗೆ ನೆನಪಿದೆ. ಇಡೀ ತಾಲ್ಲೂಕಿಗೆ ಬಂದದ್ದನ್ನು ಒಬ್ಬ ಹೆಂಗಸು ತನ್ನೊಬ್ಬಳ ತಲೆಗೆ ಹಾಕಿಕೊಳ್ಳುವುದು ಎಲ್ಲಿಯ ಲೆಕ್ಕ?

ತಾನೇ ಹಾಕಿಕೊಳ್ಳುವುದು ಒಂದು ಕಡೆ, ಬೇರೆಯವರು ಹೊರಿಸುವುದು ಇನ್ನೊಂದು ಕಡೆ. ಹೊಸ ಸೊಸೆ ಬಂದ ತಿಂಗಳಲ್ಲಿ ಹಸು ಸತ್ತರೆ ಅವಳ ಕಾಲ್ಗುಣ ಅನ್ನುವುದು ಇನ್ನೂ ಹೋಗಿಲ್ಲ. ಅತ್ತೆಯರಾದ ತಾಯಂದಿರು ಸ್ವಲ್ಪ ಕೋಪ ಮಾಡಿಕೊಂಡರೂ ಚಿಂತೆಯಿಲ್ಲ, ಹೇಳುತ್ತೇನೆ: ಉಣ್ಣೆಗೂ ನೊಣಕ್ಕೂ ಸೊಸೆಯ ಕಾಲು ಗೊತ್ತಿಲ್ಲ. ಬೆಳಗಾನ ಸಗಣಿ ಬಾಚಿದ ಹುಡುಗಿಯೂ ಆ ಹಸುವಿಗಾಗಿ ಅಳುತ್ತಿರುತ್ತಾಳೆ. ಅವಳ ಅಳುವನ್ನೂ ಕಸಿದುಕೊಳ್ಳಬೇಡಿ.

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಬಹಳ ಜನ ಹೋಗಿರುತ್ತೀರಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಆಗುವ ಪರಿಷೆ. ಅದರ ಹಿಂದಿನ ಕಥೆಯನ್ನು ಅಜ್ಜಿಯರು ಹೇಳಿಯೇ ಇರುತ್ತಾರೆ. ಆ ಜಾಗ ಸುಂಕೇನಹಳ್ಳಿಯಾಗಿದ್ದ ಕಾಲದಲ್ಲಿ ಒಂದು ಬಸವ ಬಂದು ಬೆಳೆದು ನಿಂತ ಕಡಲೆಕಾಯಿ ಮೇಯುತ್ತಿತ್ತಂತೆ. ರೈತನೊಬ್ಬ ಕಾದಿದ್ದು ಹೊಡೆದನಂತೆ. ಬಸವ ಕಲ್ಲಾಗಿ ಕೂತಿತಂತೆ. ಕಥೆ ನಿಜವೋ ಅಲ್ಲವೋ, ನನಗೆ ಹಿಡಿಸುವುದು ಅದರ ಮುಂದಿನ ಭಾಗ. ಹೊಡೆದವನನ್ನು ಊರಿನಿಂದ ಅಟ್ಟಿದರು ಅಂತ ಯಾರೂ ಹೇಳುವುದಿಲ್ಲ. ಅವನ ಹೆಸರೂ ಯಾರಿಗೂ ಗೊತ್ತಿಲ್ಲ. ಸುತ್ತಲಿನ ರೈತರೆಲ್ಲ ಸೇರಿ ನೊಂದುಕೊಂಡರು, ಮೊದಲ ಫಸಲಿನ ಕಡಲೆಕಾಯಿ ತಂದು ಒಪ್ಪಿಸಿದರು. ಆ ರೂಢಿ ಇವತ್ತಿಗೂ ನಡೆದು ಬಂದಿದೆ. ನೊಂದ ಮನಸ್ಸಿಗೆ ಕೈಯಲ್ಲಿ ಮಾಡುವ ಕೆಲಸವೊಂದು ಬೇಕು ಅಂತ ನಮ್ಮ ಹಿಂದಿನವರಿಗೆ ತಿಳಿದಿತ್ತು ಅನ್ನಿಸುತ್ತದೆ. ನಮ್ಮ ಅಮ್ಮ ಆ ಮಾತು ಬಯಲಾದ ಮೇಲೆ, ಬೀದಿಯಲ್ಲಿ ಹಸು ಕಟ್ಟಿದ ಪ್ರತಿ ಮನೆಗೂ ಹೋಗಿ "ಮದುವೆ ಅನ್ನ ಹಾಕಬೇಡಿ" ಅಂತ ಹೇಳಿ ಬಂದರು. ಮಗನಿಗೆ ಕಲಿಸಿದ ಗುರುಗಳ ಪಾಠ ಅಷ್ಟು ಬೇಗ ಯಾವ ಸರ್ಕಾರಿ ಕರಪತ್ರದಿಂದಲೂ ಹರಡಿರಲಾರದು.

ಇನ್ನು ಕೆಲಸದ ಮಾತು. ದನ ಸತ್ತ ತಕ್ಷಣ ದುಃಖದಲ್ಲಿ ಬೇಗ ಬೇಗ ಹೂಳಿಬಿಡುತ್ತೇವೆ. ಸ್ವಲ್ಪ ತಾಳಿ. ಮೊದಲು ಪಶು ಆಸ್ಪತ್ರೆಗೆ ತಿಳಿಸಿ. ಡಾಕ್ಟರು ಬಂದು ಪರೀಕ್ಷೆ ಮಾಡಿದರೆ ಸಾವಿಗೆ ಕಾರಣ ಬರೆದು ಕೊಡುತ್ತಾರೆ. ಆ ಕಾಗದ ವಿಮೆಗೂ ಪರಿಹಾರಕ್ಕೂ ಬೇಕು. ಅದಕ್ಕಿಂತ ಹೆಚ್ಚಾಗಿ ಮನೆಯವರ ಮನಸ್ಸಿಗೆ ಬೇಕು. ಹೊಟ್ಟೆಯೊಳಗೆ ಪ್ಲಾಸ್ಟಿಕ್ ಚೀಲದ ಮುದ್ದೆ ಸಿಕ್ಕಿತೋ, ತಂತಿ ಚುಚ್ಚಿತ್ತೋ, ಮೇವಿನ ದೋಷವೋ, ರೋಗವೋ ಅಂತ ಗೊತ್ತಾದರೆ ರಾತ್ರಿ ನೂರು ಕಾರಣ ಹುಡುಕುತ್ತ ಮಲಗಬೇಕಾಗಿಲ್ಲ. ಕಾರಣ ನಮ್ಮ ಕಡೆಯದೇ ಆಗಿದ್ದರೂ, ಗೊತ್ತಾದ ಒಂದು ತಪ್ಪು ಗೊತ್ತಿಲ್ಲದ ನೂರು ತಪ್ಪಿಗಿಂತ ಹಗುರ. ಕಿವಿಯೋಲೆಯನ್ನು ಕಿತ್ತೆಸೆಯಬೇಡಿ, ಜೋಪಾನ ಮಾಡಿ. ವಿಮೆಯವರು ಕೇಳುವ ಮೊದಲ ವಸ್ತು ಅದೇ. ಒಂದೆರಡು ಫೋಟೋ ತೆಗೆಸಿ. ಆಮೇಲೆ ಆಳದ ಗುಂಡಿ ತೋಡಿ, ಸುಣ್ಣ ಹಾಕಿ, ನೀರಿನ ಬಾವಿಯಿಂದ ದೂರದಲ್ಲಿ ಹೂಳಿ. ಪರಿಹಾರದ ಮೊತ್ತವೂ ನಿಯಮವೂ ಆಗಾಗ ಬದಲಾಗುತ್ತವೆ, ಆ ಹೊತ್ತಿಗೆ ಏನಿದೆಯೆಂದು ಆಸ್ಪತ್ರೆಯಲ್ಲೇ ಕೇಳಿ. ದನಕ್ಕೆ ಕಾಯಿಲೆ ಬಿದ್ದಾಗ ಗಾಡಿ ಬೇಕಾದರೆ 1962ಕ್ಕೆ ಫೋನು ಮಾಡಿ.

ಉಳಿದ ದನವಿದ್ದರೆ ಅದರ ಕಡೆ ನೋಡಿ. ಜೊತೆಯ ಹಸು ಹೋದಾಗ ಅದೂ ಮೇವು ಬಿಡಬಹುದು, ಕೂಗಬಹುದು. ತಾಯಿಯಿಲ್ಲದ ಕರು ಇದ್ದರೆ ಅದಕ್ಕೆ ಹಾಲು ಕುಡಿಸುವ ಕೆಲಸವನ್ನು ಮನೆಯಲ್ಲಿ ಹೆಚ್ಚು ನೊಂದವರಿಗೇ ಕೊಡಿ. ಮಕ್ಕಳಿಗೆ "ಹಸು ಊರಿಗೆ ಹೋಗಿದೆ" ಅಂತ ಸುಳ್ಳು ಹೇಳಬೇಡಿ. ಸತ್ತಿತು ಅಂತ ಹೇಳಿ, ನಿನ್ನಿಂದ ಆದದ್ದಲ್ಲ ಅಂತಲೂ ಹೇಳಿ. ಮಕ್ಕಳು ಕೇಳದಿದ್ದರೂ ಹೇಳಿ. ನನಗೆ ಯಾರೂ ಹೇಳಿರಲಿಲ್ಲ.

ಹೊಸ ಹಸು ಯಾವಾಗ ಕಟ್ಟಬೇಕು ಅಂತ ಕೇಳುತ್ತೀರಿ. ರೋಗದಿಂದ ಸತ್ತಿದ್ದರೆ ಕೊಟ್ಟಿಗೆ ತೊಳೆದು, ಸುಣ್ಣ ಬಳಿದು, ಎಷ್ಟು ದಿನ ಬಿಡಬೇಕೆಂದು ಡಾಕ್ಟರನ್ನು ಕೇಳಿ. ಮನಸ್ಸಿನ ಲೆಕ್ಕ ಬೇರೆ. ಒಂದು ತಿಂಗಳಿಗೇ ಕಟ್ಟುವವರಿದ್ದಾರೆ, ಅವರು ಕಲ್ಲೆದೆಯವರಲ್ಲ. ಒಂದು ವರ್ಷ ಗೂಟ ಮುಟ್ಟದವರಿದ್ದಾರೆ, ಅವರು ಹುಚ್ಚರಲ್ಲ. ಸಾಲದ ಕಂತು ಇದ್ದರೆ ಮಾತ್ರ ಕೂತು ಕೊರಗದೆ ಬ್ಯಾಂಕಿಗೋ ಸಂಘಕ್ಕೋ ಮೊದಲೇ ಹೋಗಿ ವಿಷಯ ತಿಳಿಸಿ.

ಈ ಕೊರಗು ನಮ್ಮ ಹಳ್ಳಿಯವರಿಗೆ ಮಾತ್ರ ಬರುವುದು ಅಂತ ತಿಳಿಯಬೇಡಿ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಅರವತ್ತು ಲಕ್ಷಕ್ಕೂ ಹೆಚ್ಚು ದನ ಕುರಿಗಳನ್ನು ಕೊಂದರು. ಕಂಬ್ರಿಯಾ ಎಂಬ ಸೀಮೆಯಲ್ಲಿ 54 ಜನರಿಂದ ಹದಿನೆಂಟು ತಿಂಗಳು ದಿನಚರಿ ಬರೆಸಿ ಸಂಶೋಧಕರು ಓದಿ ನೋಡಿದರು. ರೋಗ ಹೋದ ಎಷ್ಟೋ ಕಾಲದ ಮೇಲೂ ಆ ಜನ ಆಪ್ತರನ್ನು ಕಳೆದುಕೊಂಡವರ ಹಾಗೆ ನೊಂದಿದ್ದರು, ನೋಡಿದ್ದೆಲ್ಲ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ರೈತರಿಗಷ್ಟೇ ಅಲ್ಲ, ಆ ಕೆಲಸ ಮಾಡಿದ ಪಶುವೈದ್ಯರಿಗೂ ಕೂಲಿಗಳಿಗೂ ಹಾಗೆಯೇ ಆಗಿತ್ತು.

ಆದ್ದರಿಂದ ಅಳು ಬಂದರೆ ರೋಗವಲ್ಲ. ಆದರೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಹೊಲಕ್ಕೆ ಹೋಗುವುದಿಲ್ಲ, ಕುಡಿತ ಹೆಚ್ಚಾಯಿತು, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂತು ಎಂದಾದರೆ ಮನೆಯವರು ಸುಮ್ಮನಿರಬಾರದು. ಅವರನ್ನು ಒಬ್ಬರನ್ನೇ ಬಿಡಬೇಡಿ. ಕ್ರಿಮಿನಾಶಕದ ಡಬ್ಬಗಳನ್ನು ಬೇರೆ ಕಡೆ ಬೀಗ ಹಾಕಿ ಇಡಿ. 14416 ಎಂಬ ನಂಬರಿಗೆ ಫೋನು ಮಾಡಿ. ಟೆಲಿ ಮಾನಸ್ ಎಂಬ ಈ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಇದಕ್ಕೆ ಹಿರಿಯಣ್ಣನ ಹಾಗಿರುವ ಸಂಸ್ಥೆ ನಿಮ್ಹಾನ್ಸ್. ಹೊಸೂರು ರಸ್ತೆಯಲ್ಲಿ ಡೈರಿ ಸರ್ಕಲ್ಲಿಗೆ ಹತ್ತಿರದಲ್ಲೇ ಇದೆ. ನಿಮ್ಮ ಹಾಲು ಬರುವ ಡೈರಿ ನೋಡಿದವರು ಅದರ ಮುಂದೆಯೇ ಹಾದು ಹೋಗಿರುತ್ತೀರಿ. ಅದು ಹುಚ್ಚಾಸ್ಪತ್ರೆ, ಅಲ್ಲಿಗೆ ಹೋದರೆ ಮರ್ಯಾದೆ ಹೋಯಿತು ಅನ್ನುವುದು ಹಳೆಯ ಮಾತು. ಕಾಲು ಉಳುಕಿದರೆ ಆಸ್ಪತ್ರೆಗೆ ಹೋಗುವುದಿಲ್ಲವೇ?

ಎರಡು ತಿಂಗಳು ಬಿಟ್ಟು ನಾನು ಆ ಹಳ್ಳಿಗೆ ಮತ್ತೆ ಹೋದೆ. ಗೂಟದಲ್ಲಿ ಹಗ್ಗ ಹಾಗೇ ಇತ್ತು. ಈ ಸಲ ಪರಿಹಾರದ ಮಾತು ಎತ್ತಲಿಲ್ಲ. ಕೂತುಕೊಂಡು, ಗಂಟು ರೋಗ ಹೇಗೆ ಬರುತ್ತದೆ, ಹೊರಗೆ ಕಾಣಲು ಎಷ್ಟು ದಿನ ಬೇಕು ಅಂತ ಈಗ ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಆಯಮ್ಮ ಬೆರಳು ಮಡಿಸಿ ದಿನ ಎಣಿಸಿದರು. "ಹಂಗಾದ್ರೆ ನಮ್ಮ ನಾಗರಪಂಚಮಿ ಆದ ಮೇಲೇ ಹೊಕ್ಕಿರಬೇಕು" ಅಂದರು. ಲೆಕ್ಕ ಸರಿಯಾಗಿ ಕೂಡಲಿಲ್ಲ, ನಾನು ತಿದ್ದಲಿಲ್ಲ. "ಅಮ್ಮ, ಹಸುವಿನ ಹೆಸರೇನು?" ಅಂತ ಕೇಳಿದೆ. ಚಂದ್ರಿ ಅಂತೆ. ಹಣೆಯ ಮೇಲೆ ಅರ್ಧ ಚಂದ್ರನ ಹಾಗೆ ಬಿಳಿ ಮಚ್ಚೆ ಇತ್ತಂತೆ. ಬೇರೆ ಯಾರು ಕೂತರೂ ಹಾಲು ಬಿಡುತ್ತಿರಲಿಲ್ಲವಂತೆ, ಬಾಗಿಲ ಚಿಲಕವನ್ನು ನಾಲಿಗೆಯಲ್ಲೇ ತೆಗೆಯುತ್ತಿತ್ತಂತೆ. ಒಂದು ಸಲ ಹಾಗೆ ತೆಗೆದುಕೊಂಡು ಹೋಗಿ ಪಕ್ಕದವರ ಮನೆಯ ಹುರುಳಿ ಪೂರ್ತಿ ಮೇದು, ಜಗಳವೇ ಆಯಿತಂತೆ. ಅದನ್ನು ಹೇಳುವಾಗ ಆಯಮ್ಮ ನಕ್ಕರು, ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡರು. ಯಜಮಾನರು ಹೊಲದಿಂದ ಬಂದು ಬಾಗಿಲಲ್ಲೇ ನಿಂತು, "ಹುರುಳಿಯಲ್ಲ ಕಣೆ, ಅವರೆ" ಅಂತ ತಿದ್ದಿದರು. ಇಬ್ಬರಿಗೂ ಅದರ ಮೇಲೆ ವಾದ ಶುರುವಾಯಿತು.

ಹೊತ್ತು ಮುಳುಗಿತು. ಮಣ್ಣಿನ ಚೀಲ ಖಾಲಿಯಾಗಿಯೇ ನನ್ನ ಕೈಯಲ್ಲಿತ್ತು. ಅದಕ್ಕಾಗಿ ಮುಂದಿನ ವಾರ ಇನ್ನೊಂದು ಸಲ ಹೋಗಬೇಕಾಯಿತು.